ಮಲೇಷ್ಯಾದಲ್ಲಿ ನೋಡುವಂಥದ್ದೇನಿದೆ?

ಪುಚೊಂಗ್, ಮಲೇಷ್ಯಾ
4 ಮೇ 2025

ಪ್ರೀತಿಯ ಟೀಚರ್,

ನೀವು ನನ್ನ ಫೋನ್ ಎತ್ತುವುದಿಲ್ಲ. ಎತ್ತುವುದಿಲ್ಲ ಎಂದು ನೆವಿಲ್ ಭಾವನ ಬಾಯಲ್ಲಿ ಹೇಳಿಯೂ ಕಳಿಸಿದ್ದೀರಿ. ಹಾಗಾಗಿ ಅಂಚೆ ಇಲಾಖೆಯ ಕಾಲಿಗೆ ಬಿದ್ದಿದ್ದೇನೆ. ಪೋಸ್ಟ್‌ಮನ್ನಿಗೆ ಕೆಂಪು ಬಟನ್ ಇರುವುದಿಲ್ಲ, ಒತ್ತಿ ಕಟ್ ಮಾಡಲಾಗುವುದಿಲ್ಲ. ಮೇಲಾಗಿ ಒಂದು ಆಯುಷ್ಯವಿಡೀ ಕನ್ನಡ ಕಲಿಸಿದವರು ಕನ್ನಡದ ಕಾಗದವನ್ನು ಓದದೆ ಒಲೆಗೆ ಹಾಕಲಾರರು. ತಪ್ಪು ಹುಡುಕಲಿಕ್ಕಾದರೂ ಓದುತ್ತಾರೆ ಎಂಬ ಧೈರ್ಯ ನನ್ನದು.

ವಿಷಯ: ಮಲೇಷ್ಯಾ, ಪ್ರವಾಸ ಬರಲಿಚ್ಛಿಸುವವರಿಗೆ ಒಂದು ಪರಿಚಯ.

ವಿಷಯ ನಾನು ಆರಿಸಿದ್ದಲ್ಲ, ನೀವೇ ಕೊಟ್ಟದ್ದು. ನಿಮ್ಮ ಮಗಳನ್ನು ಮದುವೆಯಾಗಿ ಇಲ್ಲಿಗೆ ಕರೆತಂದ ಲಾಗಾಯ್ತು ಪ್ರತಿ ಕ್ರಿಸ್‌ಮಸ್ಸಿಗೂ ಬರ್ನಿ "ಮಮ್ಮಿ, ಒಮ್ಮೆ ಬಾ" ಎನ್ನುವುದು, ನೀವು "ಮಲೇಷ್ಯಾದಲ್ಲಿ ನೋಡುವಂಥದ್ದೇನಿದೆ?" ಎಂದು ಕೇಳಿ, ಅವಳು ಉತ್ತರಿಸುವ ಮೊದಲೇ ಫೋನ್ ಇಡುವುದು. ಆಗ ಐಎಸ್‌ಡಿ ದುಬಾರಿ, ಒಪ್ಪಿದೆ. ವಾಟ್ಸಾಪ್ ಬಂದು ಮಾತು ಪುಕ್ಕಟೆಯಾದ ಮೇಲೂ ನಿಮ್ಮ ಪ್ರಶ್ನೆ ಅಲ್ಲಿಗೇ ಕಟ್ ಆಗುತ್ತಿತ್ತು. ಉತ್ತರ ಹೇಳಬೇಕಾದವಳು ಈಗಿಲ್ಲ. ಆದ್ದರಿಂದ ಹೈಸ್ಕೂಲಿನಲ್ಲಿ ನಿಮ್ಮ ಕೈಯಿಂದ ಕನ್ನಡಕ್ಕೆ ನಲವತ್ತು ಅಂಕ ಪಡೆದ ಈ ಅಳಿಯನೇ ಪೆನ್ನು ಹಿಡಿಯಬೇಕಾಗಿದೆ.

ಮೊದಲಿಗೆ ಭೂಗೋಳ. ಮಲೇಷ್ಯಾ ದ್ವೀಪರಾಷ್ಟ್ರವೆಂದು ನಿಮ್ಮ ವಾದ. ಸುತ್ತಲೂ ನೀರಿದ್ದರೆ ದ್ವೀಪ ಎಂಬ ಲೆಕ್ಕದಲ್ಲಿ ಈ ದೇಶ ಅರ್ಧ ಪಾಸು, ಅರ್ಧ ಫೇಲು. ಒಂದು ತುಂಡು ಬೊರ್ನಿಯೊ ದ್ವೀಪದ ಮೇಲೆ ಕೂತಿದೆ. ಇನ್ನೊಂದು, ಅಂದರೆ ನಾವಿರುವುದು, ಥಾಯ್ಲೆಂಡಿನ ಸೆರಗು ಹಿಡಿದು ನೇತಾಡುತ್ತಿದೆ. ನಡುವೆ ಸಮುದ್ರ. ಆದರೂ ಎರಡನ್ನೂ ಒಂದೇ ದೇಶವೆನ್ನುತ್ತಾರೆ, ಒಂದೇ ಬಾವುಟ ಹಾರಿಸುತ್ತಾರೆ. ನಡುವೆ ಸಮುದ್ರ ಬಂದ ಮಾತ್ರಕ್ಕೆ ಮಾತು ಬಿಟ್ಟಿಲ್ಲ. ಇನ್ನು ಪುಚೊಂಗ್ ಮಾತ್ರ, ಮಧ್ಯಾಹ್ನದ ಮಳೆ ಸುರಿದು ಚರಂಡಿ ತುಂಬಿದಾಗ, ಯಾವ ಪರೀಕ್ಷಕರೂ ಅಂಕ ಕಳೆಯಲಾಗದಂಥ ಪರಿಪೂರ್ಣ ದ್ವೀಪ.

ಟೀಚರ್, ಫೆಬ್ರವರಿಯಲ್ಲಿ ಬರ್ನಿ ತಲೆನೋವೆಂದು ಮಲಗಿದಳು. ಎಷ್ಟು ಬೇಗ ಎಲ್ಲ ಮುಗಿಯಿತೆಂದರೆ ನಿಮಗೆ ಪಾಸ್‌ಪೋರ್ಟ್ ಇಲ್ಲವೆಂಬುದು ನೆನಪಾಗುವ ಹೊತ್ತಿಗೆ ಅವಳು ಪೆಟ್ಟಿಗೆಯಲ್ಲಿದ್ದಳು. ಇಲ್ಲೇ ಮಣ್ಣು ಮಾಡಿದೆವು. ಊರಿಗೆ ಕಳಿಸಲಿಲ್ಲವೆಂದು ನೀವು ಮಾತು ಬಿಟ್ಟಿರಿ.

ನವೆಂಬರ್ ಎರಡು ಸಕಲ ಮೃತರ ದಿನ. ಇಲ್ಲೂ ಫಾದರ್ ಬಂದು ಸಮಾಧಿಗಳಿಗೆ ತೀರ್ಥ ಹಾಕುತ್ತಾರೆ. ನೆವಿಲ್ ಭಾವ ಪಾಸ್‌ಪೋರ್ಟ್ ಮಾಡಿಸಿಕೊಡುತ್ತಾರೆ, ಈಗ ನಮ್ಮವರಿಗೆ ವೀಸಾ ಬೇಡ. ಒಮ್ಮೆ ಬನ್ನಿ.

ಇಂತಿ ನಿಮ್ಮ ಹಳೆಯ ವಿದ್ಯಾರ್ಥಿ, ಹಳೆಯ ಅಳಿಯ
ನಾರ್ಬರ್ಟ್

*

ಬೊಂದೇಲ್, ಮಂಗಳೂರು
27 ಮೇ 2025

ಚಿ. ನಾರ್ಬರ್ಟ್‌ಗೆ ಆಶೀರ್ವಾದ.

ಕಾಗದ ತಲುಪಿತು. ಹಾಸ್ಯ ಜಾಸ್ತಿಯಾಯಿತು. ದೇಶದ ಪರಿಚಯವೆಂದರೆ ಹವಾಮಾನ, ಆಹಾರ, ಜನಜೀವನ ಬರಬೇಕು. ನೀನು ದ್ವೀಪದಿಂದ ಕೆಳಗಿಳಿಯಲೇ ಇಲ್ಲ.

ನಾನು ಪ್ರವಾಸ ಬರುವವಳಲ್ಲ. ಪ್ರವಾಸ ಹೋದವಳು ಬರ್ನಿ. ಹೋದವರು ಮನೆಗೆ ಬರಬೇಕು.

ನಮ್ಮ ಇಗರ್ಜಿಯ ಕ್ರಮ ನಿನಗೂ ಗೊತ್ತು. ಕೆಲವು ವರ್ಷ ಕಳೆದ ಮೇಲೆ ಗುಂಡಿ ತೆರೆದು, ಎಲುಬು ತೆಗೆದು, ಕುಟುಂಬದ ಸಮಾಧಿಗೆ ಸೇರಿಸುತ್ತಾರೆ. ಅವಳ ಡ್ಯಾಡಿಯ ಸಮಾಧಿಯಲ್ಲಿ ಜಾಗ ಇದೆ, ಕಲ್ಲಿನ ಮೇಲೆ ಹೆಸರಿಗೂ ಜಾಗ ಬಿಡಿಸಿದ್ದೇನೆ. ಅದು ನನ್ನ ಹೆಸರಿಗೆಂದು ಬಿಡಿಸಿದ್ದು. ಇರಲಿ, ಅವಳದ್ದೇ ಮೊದಲು ಬರಲಿ. ಫಾದರಿಗೆ ಹೇಳಿಟ್ಟಾಗಿದೆ. ಕಾಲ ಬಂದಾಗ ಬರ್ನಿಯನ್ನು ಊರಿಗೆ ಕಳಿಸುತ್ತೇನೆ ಎಂದು ನೀನು ಒಂದು ಸಾಲು ಬರೆದು ಕಳಿಸು. ಉಳಿದ ಪರಿಚಯ ನನಗೆ ಬೇಡ.

ಮಗು ಜೆನಿಶಾ ಸರಿಯಾಗಿ ಊಟ ಮಾಡುತ್ತಾಳೋ?

ಸೆವ್ರಿನ್ ಟೀಚರ್

ಕನ್ನಡಕ್ಕೆ ನಿನಗೆ ಬಂದದ್ದು ನಲವತ್ತಲ್ಲ, ಮೂವತ್ತೆಂಟು. ಎರಡು ನಾನೇ ಸೇರಿಸಿದ್ದು.

*

ಪುಚೊಂಗ್
22 ಜೂನ್ 2025

ಪ್ರೀತಿಯ ಟೀಚರ್,

ಆ ಎರಡು ಅಂಕದ ವಿಷಯ ಮದುವೆಗೆ ಮುಂಚೆ ಗೊತ್ತಿದ್ದರೆ ನಿಮಗೆ ಇನ್ನಷ್ಟು ಹೆದರುತ್ತಿದ್ದೆ. ಇರಲಿ, ಅಪ್ಪಣೆಯಂತೆ ದ್ವೀಪದಿಂದ ಇಳಿದಿದ್ದೇನೆ.

ಹವಾಮಾನ: ಇಲ್ಲಿ ಎರಡು ಋತುಗಳು. ಮಳೆ ಬರುವ ಮುಂಚಿನ ಸೆಕೆ, ಮಳೆ ಬಂದು ಹೋದ ಮೇಲಿನ ಸೆಕೆ. ಆದರೆ ಆಫೀಸುಗಳೊಳಗೆ ಸದಾ ಹಿಮಾಲಯ. ಸೈಬರ್‌ಜಯಾದ ನಮ್ಮ ಆಫೀಸಿನಲ್ಲಿ ನಾನು ಬರ್ನಿ ಹೆಣೆದ ಸ್ವೆಟರ್ ಹಾಕಿ ಕೂರುತ್ತೇನೆ. ಭೂಮಧ್ಯರೇಖೆಯ ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡವನೆಂದು ಪ್ರವಾಸಿಗರು ನನ್ನ ಫೋಟೋ ತೆಗೆಯಬಹುದು, ಟಿಕೆಟ್ ಇಟ್ಟಿಲ್ಲ.

ಜನಜೀವನ: ಯಾರನ್ನು ಭೇಟಿಯಾದರೂ 'ಹೇಗಿದ್ದೀರಿ' ಎಂಬುದಕ್ಕೆ ಮೊದಲು 'ಊಟ ಆಯ್ತಾ' ಎನ್ನುತ್ತಾರೆ. ಇಲ್ಲಿನ ಭಾಷೆಯಲ್ಲಿ ತಿನ್ನುವುದಕ್ಕೆ 'ಮಾಕನ್'. ಈ ಒಂದು ಪದ ಕಲಿತು ಬಂದರೆ ನೀವು ಇಡೀ ದೇಶ ಸುತ್ತಬಹುದು, ಯಾರೂ ಉಪವಾಸ ಬಿಡುವುದಿಲ್ಲ. ಪಕ್ಕದ ಮನೆಯ ಸುಗಂಧಿ ಅಕ್ಕ, ತಮಿಳಿನವರು, ದಿನಾ ಗೇಟಿನ ಮೇಲಿಂದ ಪಾತ್ರೆ ದಾಟಿಸುತ್ತಾರೆ. ಬೇಡವೆಂದರೆ "ಉಂಗಳುಕ್ಕಿಲ್ಲೈ, ಪಾಪ್ಪಾವುಕ್ಕು" ಎನ್ನುತ್ತಾರೆ, ನಿಮಗಲ್ಲ, ಮಗುವಿಗೆ ಎಂದು. ಮಗುವಿಗೆ ಹದಿನಾಲ್ಕು ವರ್ಷ, ನನ್ನ ಭುಜಕ್ಕೆ ಬಂದಿದೆ. ಊಟ ಮಾಡುತ್ತಾಳೆ ಟೀಚರ್. ನನ್ನ ಸಾರನ್ನು ಬಿಟ್ಟು ಬೇರೆಲ್ಲ.

ಆಹಾರ: ನಮ್ಮ ಮನೆಯ ರಾಷ್ಟ್ರೀಯ ಆಹಾರ ಈಗ 'ತಾಪಾವ್'. ಅಂದರೆ ಅಂಗಡಿಯಿಂದ ಕಟ್ಟಿಸಿಕೊಂಡು ಬರುವುದು. ಮನೆಯ ಕೆಳಗೊಂದು ಮಾಮಾಕ್ ಇದೆ, ತಮಿಳು ಮುಸ್ಲಿಮರ ಹೋಟೆಲು, ಹಗಲುರಾತ್ರಿ ತೆರೆದಿರುತ್ತದೆ. ನಾನು ಹೋಗಿ ನಿಂತರೆ ಸಾಕು, ಅಲ್ಲಿನವನು ಏನೂ ಕೇಳದೆ ರೋಟಿ ಚನಾಯ್ ಹಾಕಲು ಶುರುಮಾಡಿ, "ಬಾಸ್, ಯಾವತ್ತಿನಂತೆ ಮೂರು ಲಾ?" ಎಂದು, ಇಲ್ಲಿನ ಮಾತಿಗೆಲ್ಲ ಅಂಟುವ 'ಲಾ' ಸೇರಿಸಿ, ಹೇಳುತ್ತಾನೆ. ಅವನಿಗೆ ಗೊತ್ತಿಲ್ಲ. ಎರಡು ಎನ್ನಬೇಕು. ಹೂಂ ಎಂದು ತಲೆಯಾಡಿಸಿ ಮೂರು ತರುತ್ತೇನೆ. ಮೂರನೆಯದು ಫ್ರಿಜ್ಜಿನಲ್ಲಿರುತ್ತದೆ.

ಪ್ರೇಕ್ಷಣೀಯ ಸ್ಥಳಗಳು: ಜೋಡಿ ಗೋಪುರ, ಗುಹೆಯ ದೇವಸ್ಥಾನ, ಕೇಬಲ್ ಕಾರು. ಇವೆಲ್ಲ ಎಲ್ಲರೂ ನೋಡುವಂಥದ್ದು. ಪ್ರವಾಸಿ ಪುಸ್ತಕಗಳು ಮರೆತುಬಿಟ್ಟ ತಾಣವೊಂದಿದೆ. ಒಂದು ಗುಡ್ಡದ ಇಳಿಜಾರು, ಹುಲ್ಲು ಚೆನ್ನಾಗಿ ಕತ್ತರಿಸಿರುತ್ತಾರೆ. ಬರ್ನಿಯ ಎಡಕ್ಕೆ ತೊಂಬತ್ತು ದಾಟಿ ಹೋದ ಚೀನೀ ಅಜ್ಜಿ. ಬಲಕ್ಕೆ ತಮಿಳು ಹೆಡ್‌ಮಾಸ್ಟರ್. ಬಾಡಿಗೆಗೆ ಮನೆ ಹುಡುಕುವಾಗ ನೆರೆಹೊರೆ ನೋಡದೆ ಒಪ್ಪುತ್ತಿದ್ದವಳಲ್ಲ ಅವಳು, ಇಲ್ಲಿ ತಕರಾರು ಮಾಡಲಿಕ್ಕಿಲ್ಲ. ಭಾನುವಾರ ಪೂಜೆ ಮುಗಿಸಿ ಜೆನಿಶಾ ಒಂದು ಐಸ್ ಮೈಲೊ, ಇಲ್ಲಿನ ಚಾಕಲೇಟ್ ಪಾನೀಯ, ತಾಪಾವ್ ಮಾಡಿಸಿಕೊಂಡು ಅಲ್ಲಿ ಕೂರುತ್ತಾಳೆ. ಅಮ್ಮನಿಗೆ ವಾರದ ವರದಿ ಇಂಗ್ಲಿಷಿನಲ್ಲಿ. ಯಾವ ಗೆಳತಿ ಮಾತು ಬಿಟ್ಟಳು, ಪಪ್ಪಾ ಏನು ಸೀದು ಹಾಕಿದ, ಎಲ್ಲ. ನಾನು ಕಾರಿನ ಹತ್ತಿರವೇ ನಿಲ್ಲುತ್ತೇನೆ. ಹೆಂಗಸರ ಮಾತಿನ ನಡುವೆ ನನಗೇನು ಕೆಲಸ.

ಒಂದು ಸಾಲು ಬರೆದು ಕೊಡು ಎಂದಿದ್ದಿರಿ. ಹಾಳೆ ಮುಗಿಯಿತು.

ನಿಮ್ಮ
ನಾರ್ಬರ್ಟ್

*

ಪುಚೊಂಗ್
17 ಆಗಸ್ಟ್ 2025

ಪ್ರೀತಿಯ ಟೀಚರ್,

ನಿಮ್ಮ ಉತ್ತರವಿಲ್ಲ. ಹಾಳೆ ಮುಗಿಯಿತು ಎಂಬ ನೆಪವನ್ನು ನೀವು ಹೈಸ್ಕೂಲಿನಲ್ಲೇ ನಂಬುತ್ತಿರಲಿಲ್ಲ, ಈಗ ನಂಬುತ್ತೀರಾ.

ಬರೆದು ಕೊಡಲಾರೆ. ಆ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ವಿಮಾನ, ಕಾಗದಪತ್ರ, ಪೆಟ್ಟಿಗೆ ಎಂದು ಮಾತಾಡುತ್ತಿದ್ದಾಗ ಜೆನಿಶಾ ನನ್ನ ಅಂಗಿ ಜಗ್ಗಿ, "ಪಪ್ಪಾ, ದೆನ್ ವೇರ್ ಡು ಐ ಗೋ ಟು ಸೀ ಹರ್?" ಎಂದಳು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ? ವರ್ಷಕ್ಕೊಮ್ಮೆ ರಜೆಯಲ್ಲಿ, ಟಿಕೆಟ್ ಸಿಕ್ಕಿದರೆ, ಬೊಂದೇಲಿಗೆ ಹೋಗೋಣ ಎನ್ನುತ್ತಿದ್ದಿರಾ? ನಾನು ಎದ್ದು ಹೋಗಿ, ಇಲ್ಲೇ ಮಣ್ಣು ಮಾಡುವುದೆಂದು ಎಲ್ಲರಿಗೂ ಹೇಳಿದೆ.

ನಿಮಗೆ ಮಗಳು, ಅವಳಿಗೆ ಅಮ್ಮ. ನಾನು ಈ ಎರಡು ತುಂಡುಗಳ ನಡುವಿನ ಸಮುದ್ರದಲ್ಲಿದ್ದೇನೆ, ಈಜು ಬರುವುದಿಲ್ಲ.

ಇಲ್ಲಿ ರಾಷ್ಟ್ರೀಯ ದಿನ ಹತ್ತಿರ ಬಂತು. ಕಾರುಗಳಿಗೆಲ್ಲ ಬಾವುಟ ಸಿಕ್ಕಿಸಿದ್ದಾರೆ.

ನಾರ್ಬರ್ಟ್

*

ಪುಚೊಂಗ್
20 ಸೆಪ್ಟೆಂಬರ್ 2025

ಪ್ರೀತಿಯ ಟೀಚರ್,

ಇವತ್ತು ಪರಿಚಯವಿಲ್ಲ, ಹಾಸ್ಯವೂ ಇಲ್ಲ.

ತೆನೆ ಹಬ್ಬ ಕಳೆದು ಇಷ್ಟು ದಿನವಾಯಿತು. ಕವರ್ ಬರಲಿಲ್ಲ. ಪ್ರತಿ ವರ್ಷ ಮಾತೆ ಮರಿಯಳ ಹಬ್ಬದ ಪೂಜೆಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ, ಮನೆಯ ತಲೆಗೊಂದರಂತೆ, ಇಗರ್ಜಿಯ ವಾರಪತ್ರಿಕೆಯಲ್ಲಿ ಸುತ್ತಿ ನೀವು ಕಳಿಸುತ್ತಿದ್ದಿರಿ. ನಾವಿಬ್ಬರೇ ಇದ್ದಾಗ ಎರಡು, ಜೆನಿಶಾ ಹುಟ್ಟಿದ ಮೇಲೆ ಮೂರು. ಬರ್ನಿ ಕಾಳು ಸುಲಿದು ಪಾಯಸಕ್ಕೆ ಹಾಕುತ್ತಿದ್ದಳು. ಅವರವರ ಪಾಲು ಅವರವರೇ ತಿನ್ನಬೇಕು, ಇನ್ನೊಬ್ಬರ ಪಾಲು ಮುಟ್ಟಬಾರದೆಂದು ನನ್ನ ಕೈಗೆ ಸೌಟಿನಲ್ಲಿ ಹೊಡೆದದ್ದೂ ಉಂಟು. ಅಂಚೆ ತಡವಾಗಿ ಬಂದಾಗ ಹಬ್ಬವನ್ನೇ ಮುಂದೂಡುತ್ತಿದ್ದಳು. ಪಂಚಾಂಗವನ್ನು ಪೋಸ್ಟ್‌ಮನ್ ತಂದುಕೊಡುವ ಏಕೈಕ ಮನೆ ನಮ್ಮದು ಎಂದು ನಾನು ನಗುತ್ತಿದ್ದೆ.

ಈ ಸಲ ಜೆನಿಶಾ ದಿನಾ ಶಾಲೆಯಿಂದ ಬಂದವಳೇ ಅಂಚೆಪೆಟ್ಟಿಗೆಗೆ ಕೈ ಹಾಕುತ್ತಾಳೆ. ನಿನ್ನೆ, "ಪಪ್ಪಾ, ಆರ್ ವಿ ನಾಟ್ ಫ್ಯಾಮಿಲಿ ಎನಿಮೋರ್?" ಎಂದಳು.

ನನ್ನ ಮೇಲಿನ ಸಿಟ್ಟಿಗೆ ನನ್ನ ತೆನೆ ನಿಲ್ಲಿಸಿ ಟೀಚರ್, ಸರಿ. ಹುಡುಗಿಯದ್ದು ಕಳಿಸಬಹುದಿತ್ತು.

ನಾರ್ಬರ್ಟ್

*

ಬೊಂದೇಲ್
2 ಅಕ್ಟೋಬರ್ 2025

ಚಿ. ನಾರ್ಬರ್ಟ್,

ಸಿಟ್ಟಿಗೆ ನಿಲ್ಲಿಸಿದ್ದಲ್ಲ.

ಹಬ್ಬದ ದಿನ ಪೂಜೆಯಿಂದ ಬಂದು, ಕವರಿನ ಮೇಲೆ ವಿಳಾಸ ಬರೆದು, ತೆನೆ ಎದುರಿಗಿಟ್ಟು ಕೂತೆ. ಎಷ್ಟು ಹಾಕುವುದೆಂದು ಗೊತ್ತಾಗಲಿಲ್ಲ. ಎರಡು ಹಾಕಿದೆ, ತೆಗೆದೆ. ಮೂರು ಹಾಕಿದೆ, ತೆಗೆದೆ. ಎರಡು ಹಾಕಿ ಅಂಟಿಸಿದರೆ ನಾನೇ ನನ್ನ ಕೈಯಾರೆ ಮುಗಿಸಿದ ಹಾಗೆ. ಮೂರು ಹಾಕಿದರೆ ಆ ಮಗು ಬಿಚ್ಚಿ ನೋಡುವಾಗ ಏನಾದೀತು. ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ನೆವಿಲ್, "ಎಂತ ಮಮ್ಮಿ, ಎರಡಲ್ವಾ?" ಎಂದು ಸುಮ್ಮನೆ ಕೇಳಿದ. ಅವನ ಮೇಲೆ ಕೂಗಾಡಿದೆ. ಕವರ್ ಹಾಗೇ ಇದೆ.

ಜೆನಿಶಾ ಹಾಗೆ ಕೇಳಿದಳೆಂದು ಓದಿದ ಮೇಲೆ ನೆವಿಲ್‌ಗೆ ಟಿಕೆಟ್ ಮಾಡಿಸಲು ಹೇಳಿದ್ದೇನೆ. ಪಾಸ್‌ಪೋರ್ಟ್ ಜುಲೈಯಲ್ಲೇ ಬಂದಿದೆ. ನಿನಗೆ ಹೇಳಿರಲಿಲ್ಲ. ತೆನೆ ನಾನೇ ತರುತ್ತೇನೆ. ಬೆಂಗಳೂರಿನಿಂದ ನವೆಂಬರ್ ಎರಡರ ಬೆಳಿಗ್ಗೆ ಬಂದಿಳಿಯುವ ವಿಮಾನ.

ಎಲುಬಿನ ವಿಷಯ ನಾನು ಬಿಟ್ಟಿಲ್ಲ. ಜಾಗ ನೋಡಿ ಹೇಳುತ್ತೇನೆ.

ಸೆವ್ರಿನ್ ಟೀಚರ್

*

ಪುಚೊಂಗ್
13 ಅಕ್ಟೋಬರ್ 2025

ಪ್ರೀತಿಯ ಟೀಚರ್,

ಘನ ಮಲೇಷ್ಯಾ ದೇಶವು ತಮ್ಮ ಆಗಮನಕ್ಕಾಗಿ ಸಿಂಗರಿಸಿಕೊಳ್ಳುತ್ತಿದೆ. ಸುಗಂಧಿ ಅಕ್ಕ ತಮ್ಮ ಗೇಟಿಗೆ ಬಣ್ಣ ಹೊಡೆಸಿದ್ದಾರೆ. ದೀಪಾವಳಿಗೆಂದು ಅವರು ಹೇಳಿದರೂ ನಾನು ನಂಬಿಲ್ಲ. ಜೆನಿಶಾ ತನ್ನ ಕೋಣೆ ನಿಮಗೆ ಬಿಟ್ಟುಕೊಟ್ಟು, ಗೋಡೆಯ ಮೇಲಿದ್ದ ಕೊರಿಯಾದ ಹಾಡುಗಾರ ಹುಡುಗರನ್ನೆಲ್ಲ ಕಿತ್ತು ಮಾತೆ ಮರಿಯಳ ಪಟ ಹಾಕಿದ್ದಾಳೆ. ಇದು ಆ ಕೋಣೆಯ ಇತಿಹಾಸದಲ್ಲೇ ದೊಡ್ಡ ಮತಾಂತರ.

ಪ್ರವಾಸಿಗರಿಗೆ ಸೂಚನೆಗಳು. ವಿಮಾನದಲ್ಲಿ ಕೊಡುವ ಕಂಬಳಿ ವಾಪಸು ಕೊಡತಕ್ಕದ್ದು. ಗಾಲಿಕುರ್ಚಿ ಹೇಳಿಸಿದ್ದೇನೆ, 'ನಾನೇನು ಮುದುಕಿಯೋ' ಎಂದು ಅದನ್ನು ತಳ್ಳುವವನಿಗೆ ಬೈಯಬಾರದು. ಉಪ್ಪಿನಕಾಯಿಯ ಬಾಟಲಿಗೆ ಎರಡು ಪ್ಲಾಸ್ಟಿಕ್.

ಇನ್ನು ತೆನೆ. ಬೀಜ, ಭತ್ತ, ಗಿಡಗಂಟಿ ಇಲ್ಲಿ ತರುವ ಹಾಗಿಲ್ಲ. ಕವರಿನಲ್ಲಿ ಬರುತ್ತಿದ್ದುದು ಯಾರ ಕಣ್ಣಿಗೂ ಬೀಳದೆ. ನೀವು ಬೈಬಲಿನೊಳಗಿಟ್ಟು, ಕೈಚೀಲದಲ್ಲಿ ಹಾಕಿ, ಯಾರಾದರೂ ಕೇಳಿದರೆ ಏನಿಲ್ಲ ಎಂದು ಸುಮ್ಮನೆ ನಡೆದುಬನ್ನಿ. ಸುಳ್ಳಿಗೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರಿಗೆ ಈ ಸಲಹೆ ಕೊಟ್ಟದ್ದಕ್ಕೆ ನಾನೇ ಬೆಂಚು ಹತ್ತಿ ನಿಲ್ಲುತ್ತೇನೆ. ಆದರೂ ಒಂದೇ ಸಲ, ಟೀಚರ್.

ಎಷ್ಟು ತೆನೆ ತರುತ್ತೀರಿ ಎಂದು ನಾನು ಕೇಳುವುದಿಲ್ಲ.

ನಿಮ್ಮ
ನಾರ್ಬರ್ಟ್

*

ಪುಚೊಂಗ್
16 ನವೆಂಬರ್ 2025

ಪ್ರೀತಿಯ ಟೀಚರ್,

ಕ್ಷೇಮವಾಗಿ ತಲುಪಿದಿರೆಂದು ನೆವಿಲ್ ಭಾವ ತಿಳಿಸಿದರು. ನೀವು ಹೋದ ಮೇಲೆ ಮನೆಯಲ್ಲಿ ಎಲ್ಲ ಡಬ್ಬಗಳ ಮೇಲೂ ಕನ್ನಡದಲ್ಲಿ ಚೀಟಿ ಅಂಟಿದೆ. ಜೆನಿಶಾ 'ಮೆಂತೆ' ಓದಲು ಕಲಿತಿದ್ದಾಳೆ. ಸುಗಂಧಿ ಅಕ್ಕ ನಿಮ್ಮ ಉಪ್ಪಿನಕಾಯಿ ಮುಗಿಯಿತೆಂದು ಖಾಲಿ ಬಾಟಲಿಯನ್ನು ಗೇಟಿನ ಮೇಲಿಟ್ಟು ಹೋಗುತ್ತಾರೆ.

ಆ ವಾರವಿಡೀ ನೀವು ಚೆನ್ನಾಗಿಯೇ ಇದ್ದಿರಿ. ಆದರೆ ಆ ಬೆಳಿಗ್ಗೆ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಕಸ್ಟಮ್ಸ್ ಬಾಗಿಲಿನಿಂದ ನೀವು ಎಲ್ಲರಿಗಿಂತ ತಡವಾಗಿ ಹೊರಬಂದಿರಿ. ನಾನು "ಪ್ರಯಾಣ ಹೇಗಾಯ್ತು ಟೀಚರ್?" ಎಂದೆ. ನೀವು ನನ್ನ ಮುಖ ನೋಡಿದಿರಿ, ತುಟಿ ಬಿಗಿದುಕೊಂಡಿರಿ. ಜೆನಿಶಾ ಅಪ್ಪಿಕೊಂಡಾಗಲೂ ತಲೆ ಸವರಿದಿರಿ, ಮಾತಿಲ್ಲ. ಕಾರಿನಲ್ಲಿ ದಾರಿಯುದ್ದಕ್ಕೂ ಅಷ್ಟೇ. ಗುಡ್ಡ ಹತ್ತಿ ಅವಳ ಹತ್ತಿರ ಬರುವ ತನಕ ಒಂದು ಮಾತೂ ಇಲ್ಲ. ಕೊನೆಗೂ ಬಂದದ್ದು ಮಗಳಿಗಾಗಿ, ಮೊಮ್ಮಗಳಿಗಾಗಿ, ನನ್ನನ್ನು ಕ್ಷಮಿಸಲಿಕ್ಕಲ್ಲ ಎಂದುಕೊಂಡೆ. ಅದೂ ನ್ಯಾಯವೇ.

ತೆನೆ ಸಿಗಲಿಲ್ಲ. ಎಲ್ಲಿ ಎಂದು ಕೇಳುವ ಧೈರ್ಯವೂ ಬರಲಿಲ್ಲ. ಎಲುಬಿನ ಮಾತು ನೀವು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜಾಗ ನೋಡಿ ಹೇಳುತ್ತೇನೆ ಎಂದಿದ್ದಿರಿ. ನೋಡಿದಿರಿ. ಏನಿದ್ದರೂ ಹೇಳಿಬಿಡಿ.

ನಿಮ್ಮ
ನಾರ್ಬರ್ಟ್

*

ಬೊಂದೇಲ್
1 ಡಿಸೆಂಬರ್ 2025

ಚಿ. ನಾರ್ಬರ್ಟ್‌ಗೆ ಆಶೀರ್ವಾದ.

ಎದುರಿಗೆ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ.

ನೀನು ಹೇಳಿಕೊಟ್ಟ ಸುಳ್ಳು ನನ್ನಿಂದ ಆಗಲಿಲ್ಲ. ಕಸ್ಟಮ್ಸಿನಲ್ಲಿ ತಲೆಗೆ ವಸ್ತ್ರ ಕಟ್ಟಿದ್ದ ಒಬ್ಬಳು ಹುಡುಗಿ, ಸೀಡ್ಸ್, ಪ್ಲಾಂಟ್ಸ್ ಏನಾದರೂ ಉಂಟಾ ಎಂದು ಕೇಳಿದಳು. ಉಂಟು ಎಂದು ಬೈಬಲ್ ತೆರೆದು ತೋರಿಸಿದೆ. ಮೂರು ತೆನೆ ಇತ್ತು. ಮೂರೇ ತಂದಿದ್ದೆ. ಅವಳು ಪಾಪ, "ಆಂಟಿ, ಕೆನಾಟ್ ಲಾ" ಎಂದು ಕಸದ ಡಬ್ಬಿ ತೋರಿಸಿದಳು. ಬ್ಲೆಸ್ಡ್ ಎಂದೆ. ಅವಳಿಗೆ ಅದು ಅರ್ಥವಾಯಿತು. ಅವಳು ಡಬ್ಬಿಗೆ ಹಾಕಲಿಲ್ಲ, ನಾನು ಕೊಡಲೂ ಇಲ್ಲ, ಇಬ್ಬರೂ ನಿಂತೆವು. ಆಮೇಲೆ ಅವಳೇ ಬೆರಳು ಬಾಯಿಯ ಹತ್ತಿರ ತಂದು, "ಮಾಕನ್?" ಎಂದಳು. ನಿನ್ನ ಪರಿಚಯ ಲೇಖನದಿಂದ ನನಗೆ ಉಪಯೋಗಕ್ಕೆ ಬಂದ ಪದ ಅದೊಂದೇ.

ಅಲ್ಲೇ ಕುರ್ಚಿಯಲ್ಲಿ ಕೂತು ಉಗುರಿನಿಂದ ಕಾಳು ಸುಲಿದೆ. ಗಾಲಿಕುರ್ಚಿಯವನು ಹೊಟ್ಟು ಹಿಡಿಯಲು ಕೈ ಒಡ್ಡಿದ. ನಿನ್ನ ಪಾಲು ನಾನು ತಿಂದೆ. ಜೆನಿಶಾಳದ್ದನ್ನೂ ತಿಂದೆ. ನಿಮ್ಮ ಬದಲಿಗೆ ನಾನು ತಿಂದರೆ ದೇವರು ಬೇಡವೆನ್ನಲಿಕ್ಕಿಲ್ಲ. ಹುಡುಗಿ ನೀರಿನ ಬಾಟಲಿ ಕೊಟ್ಟಳು. ಬರ್ನಿಯದ್ದು ಬಾಯಿಗೆ ಹಾಕಿದೆ, ಒಳಗೆ ಹೋಗಲಿಲ್ಲ. ನೀರು ಕುಡಿದರೂ ಹೋಗಲಿಲ್ಲ. ಉಗುಳುವ ಹಾಗೂ ಇಲ್ಲ. ನೀನು ಪ್ರಯಾಣ ಹೇಗಾಯ್ತು ಎಂದು ಕೇಳಿದಾಗ ಅವಳ ಅಕ್ಕಿ ನನ್ನ ಬಾಯಲ್ಲಿತ್ತು. ಅದಕ್ಕೆ ಮಾತಾಡಲಿಲ್ಲ. ನಿನ್ನ ಮೇಲೆ ಸಿಟ್ಟಿದ್ದರೆ ನಾನು ಬಾಯಿ ಮುಚ್ಚಿ ಕೂರುವವಳೋ? ಇಷ್ಟು ವರ್ಷ ನೋಡಿದವನಿಗೆ ಅಷ್ಟು ಗೊತ್ತಾಗಬೇಡವೇ.

ಗುಡ್ಡದ ಮೇಲೆ ಫಾದರ್ ಇನ್ನೂ ಕೆಳಗಿನ ಸಾಲಿನಲ್ಲಿದ್ದರು. ಜೆನಿಶಾ ಐಸ್ ಕರಗಿದ ಆ ಮೈಲೊವನ್ನು ಕಲ್ಲಿನ ಪಕ್ಕ ಇಟ್ಟು, ಹುಲ್ಲಿನ ಮೇಲೆ ಕೂತು, ನಮ್ಮ ಮನೆಯ ಅಡುಗೆಕೋಣೆಯಲ್ಲಿ ಕೂತ ಹಾಗೆ, "ಮಮ್ಮಿ, ಸೀ ಹೂ ಕೇಮ್. ಗ್ರ್ಯಾನಿ ಕೇಮ್" ಎಂದಳು. ಆಗ ನುಂಗಿದೆ.

ಎಲುಬಿನ ಮಾತು ಬೇಡ. ಮಾತಾಡುತ್ತಿರುವವರ ನಡುವಿನಿಂದ ಒಬ್ಬರನ್ನು ಎಬ್ಬಿಸಿಕೊಂಡು ಬರುವ ಕ್ರಮ ನಮ್ಮ ಮನೆಯಲ್ಲಿಲ್ಲ. ಫಾದರಿಗೆ ಹೇಳಿದ್ದೇನೆ. ಕಲ್ಲಿನ ಮೇಲೆ ಬಿಟ್ಟ ಜಾಗ ನನಗೇ ಇರಲಿ. ಆ ಚೀನೀ ಅಜ್ಜಿಗೂ ಒಂದು ಮೊಂಬತ್ತಿ ಹಚ್ಚುತ್ತಿರು, ಅವಳ ಕಡೆಯವರು ಯಾರೂ ಬಂದಿರಲಿಲ್ಲ.

ಮುಂದಿನ ಹಬ್ಬಕ್ಕೆ ಕವರಿನಲ್ಲಿ ಎರಡು ತೆನೆ ಬರುತ್ತದೆ. ಆ ರೋಟಿ ಅಂಗಡಿಯವನಿಗೂ ಹೇಳಿಬಿಡು.

ಸೆವ್ರಿನ್ ಟೀಚರ್